ನೀರಿನ ಲೆಕ್ಕ ಕೊಡದೆ ಊರ ಪಕ್ಕ ಲೇಔಟ್ ಬೇಡ

ಮಾನ್ಯ ಸಂಪಾದಕರೇ,

ಹೊಸಕೋಟೆ ತಾಲ್ಲೂಕಿನ ನಮ್ಮ ಊರಲ್ಲಿ ಇರುವುದು 250ರಷ್ಟು ಮನೆ, ಸುಮಾರು ಒಂದು ಸಾವಿರ ಜನ. ಊರಿಗೆ ಅಂಟಿಕೊಂಡ ಹೊಲಗಳಲ್ಲಿ ಈಗ 50 ಎಕರೆಯ ವಸತಿ ಬಡಾವಣೆಗೆ ಸಿದ್ಧತೆ ನಡೆದಿದೆ. ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಜೆಸಿಬಿ ಬದುಗಳನ್ನೆಲ್ಲ ಸವರಿ ಹಾಕಿದೆ. ಬಣ್ಣ ಬಳಿದ ಸೈಟು ಕಲ್ಲುಗಳು ಸಾಲಾಗಿ ನಿಂತಿವೆ. ಇದು ನಮ್ಮೂರೊಂದರ ಪಾಡೇನೂ ಅಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೇ ನಮ್ಮ ತಾಲ್ಲೂಕಿನಿಂದ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಬರುವ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಬೇರೆ ಇದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವುದು ಸಲೀಸಾಯಿತು. ರಸ್ತೆ ಬಂದ ಕಡೆಗೆಲ್ಲ ಲೇಔಟ್ ಬರುತ್ತಿರುವುದು ಹೀಗೆ.

ಮನೆ ಬೇಕಾದವರಿಗೆ ಮನೆ ಸಿಗಬಾರದು ಎಂಬುದು ನಮ್ಮ ಆಕ್ಷೇಪವಲ್ಲ. ಈ ಬಡಾವಣೆಗೆ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗೆ ಲಿಖಿತ ಉತ್ತರ ಸಿಗುವ ಮೊದಲೇ ಅನುಮತಿಯ ಕಾಗದಗಳು ಒಂದೊಂದಾಗಿ ಕೈಸೇರುತ್ತಿವೆ. ಆಕ್ಷೇಪ ಇರುವುದು ಅದಕ್ಕೆ. ಲೆಕ್ಕ ಕಷ್ಟದ್ದೇನಲ್ಲ, ಹಾಳೆ–ಪೆನ್ನು ಸಾಕು.

ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಅರ್ಧದಷ್ಟು ಸೈಟಿಗೆ ಸಿಕ್ಕಿತು ಎಂದಿಟ್ಟುಕೊಂಡರೆ, 30×40 ಅಳತೆಯ 18 ಸೈಟು ಬರುತ್ತವೆ. 50 ಎಕರೆಗೆ 900. ಸೈಟಿಗೊಂದೇ ಮನೆ, ಮನೆಗೆ ನಾಲ್ಕೇ ಜನ ಎಂದರೂ 3,600 ಜನ. ನಿಜಕ್ಕೆ ಹೀಗೆ ನಿಲ್ಲುವುದಿಲ್ಲ. 30×40ರಲ್ಲಿ ನೆಲಮಹಡಿಯ ಮೇಲೆ ಎರಡು ಮಹಡಿ ಎತ್ತಿ ಬಾಡಿಗೆಗೆ ಕೊಡುವುದು ಬೆಂಗಳೂರಿನ ಸುತ್ತ ರೂಢಿಯಾಗಿ ಹೋಗಿದೆ. ಆದರೂ ಕಡಿಮೆ ಲೆಕ್ಕವನ್ನೇ ಹಿಡಿಯೋಣ. ನಗರದ ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಎಂಜಿನಿಯರುಗಳು ಬಳಸುವ ಮಾನದಂಡ. ಅಂದರೆ ದಿನಕ್ಕೆ 4,86,000 ಲೀಟರ್. ನಮ್ಮ ಊರಿನ ಒಂದು ಸಾವಿರ ಜನಕ್ಕೆ ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ 55 ಲೀಟರಿನಂತೆ ಬೇಕಾಗುವುದು 55,000 ಲೀಟರ್. ಹೊಸ ಬಡಾವಣೆಗೆ ಅದರ ಸುಮಾರು ಒಂಬತ್ತು ಪಟ್ಟು ಬೇಕು. ಎರಡಕ್ಕೂ ಇರುವುದು ಒಂದೇ ನೆಲ, ನೆಲದಡಿಯ ಅದೇ ನೀರು.

ಆ 50 ಎಕರೆಯ ಮೇಲೆ ಬೀಳುವ ಮಳೆ ಎಷ್ಟು? ನಮ್ಮ ಕಡೆ ವರ್ಷಕ್ಕೆ ಸರಾಸರಿ 800 ಮಿ.ಮೀ. ಆಸುಪಾಸು. ಎಕರೆಗೆ 32 ಲಕ್ಷ ಲೀಟರ್ ಚಿಲ್ಲರೆ, 50 ಎಕರೆಗೆ ಸುಮಾರು 16.2 ಕೋಟಿ ಲೀಟರ್. 3,600 ಜನರ ವರ್ಷದ ಬಳಕೆ 17.7 ಕೋಟಿ ಲೀಟರ್. ವರ್ಷವಿಡೀ ಬಿದ್ದ ಅಷ್ಟೂ ಮಳೆಯನ್ನು ಒಂದು ತೊಟ್ಟು ಬಿಡದೆ ಹಿಡಿದಿಟ್ಟರೂ ಸಾಲುವುದಿಲ್ಲ ಎಂದಾಯಿತು. ಅಷ್ಟೂ ಮಳೆ ನೆಲಕ್ಕೆ ಇಳಿಯುವುದೂ ಇಲ್ಲ. ನಮ್ಮದು ಗ್ರಾನೈಟ್, ನೈಸ್ ಬಂಡೆಯ ಸೀಮೆ. ಇಂಥ ಕಡೆ ಮಳೆಯಲ್ಲಿ ನೂರಕ್ಕೆ ಹತ್ತರಷ್ಟು ಅಂತರ್ಜಲ ಸೇರಿದರೆ ಅದೇ ಹೆಚ್ಚು. ಹತ್ತು ಎಂದೇ ಹಿಡಿದರೆ ವರ್ಷಕ್ಕೆ 1.62 ಕೋಟಿ ಲೀಟರ್. ಅದು ಬಡಾವಣೆಯ 33 ದಿನದ ಬಳಕೆ. ಹೊಲದ ಮೇಲೆ ಕಾಂಕ್ರೀಟು, ಡಾಂಬರು ಬಿದ್ದ ಮೇಲೆ ಆ ಹತ್ತೂ ಉಳಿಯುವುದಿಲ್ಲ. ಮಿಕ್ಕ 332 ದಿನದ ನೀರು ಅಕ್ಕಪಕ್ಕದ ಹೊಲಗಳ ಅಡಿಯಿಂದ ಬರಬೇಕು, ಇಲ್ಲವೇ ಟ್ಯಾಂಕರಿನಲ್ಲಿ ಬರಬೇಕು. ಟ್ಯಾಂಕರಿನ ನೀರೂ ಇನ್ನೊಂದು ಊರಿನ ಬೋರಿನದೇ.

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಈ ನಾಲ್ಕೂ ತಾಲ್ಲೂಕುಗಳನ್ನು ಅಂತರ್ಜಲದ ಸರ್ಕಾರಿ ವರದಿಗಳು 'ಅತಿಬಳಕೆ'ಯ ಪಟ್ಟಿಗೆ ಸೇರಿಸಿವೆ. ವರ್ಷಕ್ಕೆ ಮರುಪೂರಣವಾಗಿ ಬಳಕೆಗೆ ಸಿಗುವುದಕ್ಕಿಂತ ಹೆಚ್ಚು ನೀರನ್ನು ಈಗಾಗಲೇ ಎತ್ತುತ್ತಿದ್ದೇವೆ ಎಂದು ಇದರ ಅರ್ಥ. 1,000 ಅಡಿ ದಾಟದ ಬೋರ್‌ವೆಲ್ ಈಗ ಅಪರೂಪ. ಅಷ್ಟು ಆಳದಲ್ಲಿ ನೀರು ಕೆರೆಯಂತೆ ನಿಂತಿರುವುದಿಲ್ಲ, ಬಂಡೆಯ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಒಂದು ಬಿರುಕಿಗೆ ಎರಡು ಬೋರು ತಾಗಿದರೆ, ಪಂಪನ್ನು ಹೆಚ್ಚು ಆಳಕ್ಕೆ ಇಳಿಸಿದವರಿಗೆ, ಹೆಚ್ಚು ಹೊತ್ತು ಓಡಿಸಿದವರಿಗೆ ನೀರು. ರೈತರ ಪಂಪ್‌ಸೆಟ್ಟಿಗೆ ಸಿಗುವುದು ದಿನಕ್ಕೆ 7 ಗಂಟೆ ತ್ರೀಫೇಸ್ ಕರೆಂಟು. ಗಂಟೆಗೆ 4,000 ಲೀಟರ್ ಕೊಡುವ ಬೋರಾದರೆ 28,000 ಲೀಟರ್ ಬಂತು. ಲೇಔಟಿನ ಪಂಪಿಗೆ ಆ ಕಟ್ಟುಪಾಡಿಲ್ಲ, ಜನರೇಟರೂ ಇರುತ್ತದೆ. ಅಂಥದ್ದೇ ಆರು ಬೋರು ದಿನಕ್ಕೆ 20 ಗಂಟೆ ಓಡಿದರೆ ಬಡಾವಣೆಗೆ ಬೇಕಾದಷ್ಟು ನೀರು ಹೆಚ್ಚುಕಡಿಮೆ ಮೇಲೆ ಬರುತ್ತದೆ. ಆಗ ಪಕ್ಕದ ಹೊಲದಲ್ಲಿ ಏನಾಗುತ್ತದೆಂದು ರೈತರಿಗೆಲ್ಲ ಗೊತ್ತು. ಮೊದಲು ಪೈಪಿನ ಬಾಯಿ ಗಾಳಿ ಕಾರುತ್ತದೆ, ನೀರು ಬಿಟ್ಟು ಬಿಟ್ಟು ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಮೋಟಾರು ಬರಿದಾಗಿ ಓಡಿ ಕಾಯಿಲ್ ಸುಡುತ್ತದೆ. ಮೋಟಾರು ಎತ್ತಿಸಿ, ವೈಂಡಿಂಗ್ ಮಾಡಿಸಿ, ಇನ್ನೆರಡು ಉದ್ದ ಪೈಪು ಸೇರಿಸಿ ಇಳಿಸಿದರೂ ಒಂದು ಬೇಸಿಗೆ ದಾಟುವುದು ಕಷ್ಟ. ಹಿಪ್ಪುನೇರಳೆಯನ್ನೋ ಗುಲಾಬಿಯನ್ನೋ ಒಣಗಲು ಬಿಟ್ಟು ಹೊಲ ಮಾರುವ ಯೋಚನೆ ಹುಟ್ಟುವುದು ಆಗಲೇ. ಮೊದಲ ಲೇಔಟ್ ಎರಡನೆಯದಕ್ಕೆ ಜಮೀನು ಒದಗಿಸಿಕೊಡುವುದು ಹೀಗೆ.

2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬೋರು ಕೊರೆಸಲು ಅನುಮತಿ ಬೇಕು. ಬಡಾವಣೆಯ ಒಳಗಿನ ಬೋರುಗಳನ್ನು ಮಾತ್ರ ನೋಡಿದರೆ ಸಾಲದು. ಪಕ್ಕದ ಕೃಷಿ ಜಮೀನನ್ನು ಗುತ್ತಿಗೆ ಹಿಡಿದು, ಅಲ್ಲಿ ವ್ಯವಸಾಯದ ಹೆಸರಿನಲ್ಲಿ ಕೊರೆದು, ಪೈಪಿನಲ್ಲಿ ಸಂಪಿಗೆ ತರುವ ದಾರಿಯೂ ಇದೆ. ಅಧಿಕಾರಿಗಳು ಸ್ಥಳಕ್ಕೆ ಬಂದಾಗ ಬೋರಿನ ಸಂಖ್ಯೆ ಎಣಿಸುವುದರ ಜೊತೆಗೆ ಸಂಪಿಗೆ ಸೇರುವ ಪೈಪುಗಳು ಎಲ್ಲಿಂದ ಬರುತ್ತಿವೆ ಎಂದು ಅಗೆಸಿ ನೋಡಬೇಕು.

'ಮುಂದೆ ಕಾವೇರಿ ಬರುತ್ತದೆ' ಎಂಬ ಮಾತು ಕರಪತ್ರಗಳಲ್ಲೂ ಮಾರಾಟದವರ ಬಾಯಲ್ಲೂ ಕೇಳಿಬರುತ್ತಿದೆ. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳನ್ನು ನೋಡಿ. ಅವುಗಳಿಗೆಂದು ಕೈಗೆತ್ತಿಕೊಂಡ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಪಾಲಿಕೆಯ ಒಳಗೇ ಇದ್ದ ಊರುಗಳು 17 ವರ್ಷ ಕಾದಿವೆ. ಆ ಗಡಿಗೂ ಆಚೆ ಇರುವ ನಮ್ಮ ಊರ ಪಕ್ಕದ ಸೈಟನ್ನು ಕಾವೇರಿಯ ಹೆಸರಿನಲ್ಲಿ ಮಾರುವುದು ಕೊಳ್ಳುವವರಿಗೂ ಅನ್ಯಾಯ. 2024ರ ಮಾರ್ಚಿನಲ್ಲಿ ಬೆಂಗಳೂರಿನ ನೀರಿನ ಬವಣೆ ಮಿತಿಮೀರಿದಾಗ ಜಿಲ್ಲಾಡಳಿತವೇ ಟ್ಯಾಂಕರ್ ದರ ಗೊತ್ತುಮಾಡಬೇಕಾಯಿತು. 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕಿದರೂ ನಮ್ಮ ಪಕ್ಕದ ಬಡಾವಣೆಗೆ ದಿನಕ್ಕೆ 40 ಟ್ಯಾಂಕರು, 40,000 ರೂಪಾಯಿ. ಸಾಲ ಮಾಡಿ ಸೈಟು ಕೊಳ್ಳುವ ಕುಟುಂಬಕ್ಕೆ ಈ ಲೆಕ್ಕವನ್ನು ಯಾರೂ ತೋರಿಸುವುದಿಲ್ಲ.

ಅನುಮತಿ ಕೊಡುವ ಕಚೇರಿಗಳು ಇದನ್ನೆಲ್ಲ ನೋಡುವುದಿಲ್ಲವೇ ಎಂದು ಓದುಗರು ಕೇಳಬಹುದು. ಪ್ರತಿಯೊಂದು ಕಚೇರಿಯೂ ತನ್ನ ಪಾಲಿನ ತುಂಡನ್ನಷ್ಟೇ ನೋಡುತ್ತದೆ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ನಮ್ಮ ಜನ ಅಲಿನೇಷನ್ ಎನ್ನುವುದು, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಆಗುತ್ತದೆ. ಈಗ ಅದು ಅರ್ಜಿದಾರರ ಅಫಿಡವಿಟ್ ಆಧರಿಸಿ ಆನ್‌ಲೈನಿನಲ್ಲೇ ಸಾಗುತ್ತದೆ. ಅಲ್ಲಿ ನೋಡುವುದು ಸರ್ವೆ ನಂಬರು, ಮಾಲೀಕತ್ವ, ಮಾಸ್ಟರ್ ಪ್ಲಾನಿನಲ್ಲಿ ಅದು ಯಾವ ವಲಯ ಎಂಬುದನ್ನು. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಕೆಳಗೆ ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ. ಅಲ್ಲಿ ಮುಖ್ಯವಾಗಿ ನೋಡುವುದು ರಸ್ತೆಯ ಅಗಲ, ಪಾರ್ಕಿನ ಪ್ರಮಾಣ. ಬೋರಿನ ಅನುಮತಿ ಮತ್ತೊಂದು ಕಡೆ. ಪಂಚಾಯಿತಿಗೆ ವಿಷಯ ತಿಳಿಯುವುದು ಬಹುಪಾಲು ಎಲ್ಲ ಮುಗಿದ ಮೇಲೆ, ಸೈಟುಗಳಿಗೆ ಇ–ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9, 11ಎ, ಅಂದರೆ ಖಾತೆಯ ದಾಖಲೆ, ಮಾಡಿಕೊಡಿ ಎಂಬ ಅರ್ಜಿಗಳು ಬಂದಾಗ.

ಪರಿಸರ ಅನುಮತಿಯ ಕಥೆ ಇನ್ನೂ ವಿಚಿತ್ರ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟಡ ಕಟ್ಟುವ ಯೋಜನೆಗೆ, 50 ಹೆಕ್ಟೇರ್ ಅಥವಾ ಹೆಚ್ಚಿನ ಟೌನ್‌ಶಿಪ್ಪಿಗೆ ಪರಿಸರ ಅನುಮತಿ ಬೇಕು. 50 ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ನಮ್ಮ ಪಕ್ಕದ 50 ಎಕರೆ ಸುಮಾರು 20 ಹೆಕ್ಟೇರ್ ಅಷ್ಟೇ. ಲೇಔಟ್ ಮಾಡುವ ಕಂಪನಿ ಮಾರುವುದು ಬರಿ ಸೈಟು, ಕಟ್ಟಡ ಕಟ್ಟುವವರು ಸೈಟು ಕೊಂಡವರು. ಹಾಗಾಗಿ ಕಟ್ಟಡದ ವಿಸ್ತೀರ್ಣದ ಮಿತಿಗೂ ಅದು ಸಿಕ್ಕುವುದಿಲ್ಲ. ಆದರೆ 900 ಸೈಟಿನಲ್ಲಿ ತಲಾ 1,200 ಚದರ ಅಡಿ ಮನೆ ಎದ್ದರೂ ಒಟ್ಟು ಒಂದು ಲಕ್ಷ ಚದರ ಮೀಟರ್ ಆಗುತ್ತದೆ, ಮಿತಿಯ ಐದು ಪಟ್ಟು. ಒಬ್ಬರೇ ಕಟ್ಟಿದರೆ ಲೆಕ್ಕಕ್ಕೆ ಬರುವುದು, 900 ಜನ ಕಟ್ಟಿದಾಗ ಲೆಕ್ಕಕ್ಕೇ ಇಲ್ಲ. ಜಮೀನು ಇನ್ನಷ್ಟು ಸಿಕ್ಕಿದರೆ 'ಫೇಸ್ 2', 'ಫೇಸ್ 3' ಎಂದು ಬೇರೆ ಬೇರೆ ಅರ್ಜಿ ಹಾಕಲು ಬರುತ್ತದೆ. ಮಿತಿ ದಾಟಿ ಪರಿಸರ ಅನುಮತಿಗೆ ಹೋದ ವಸತಿ ಯೋಜನೆಗಳಿಗೂ ಅದೇ ಅಧಿಸೂಚನೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಕೊಟ್ಟಿದೆ. ಎಷ್ಟೇ ದೊಡ್ಡ ಟೌನ್‌ಶಿಪ್ ಬಂದರೂ ಪಕ್ಕದ ಊರಿನವರನ್ನು ಕೂರಿಸಿ ಕೇಳಬೇಕೆಂಬ ಕಡ್ಡಾಯ ಅದರಲ್ಲಿಲ್ಲ.

ಸರ್ಕಾರವೇ ಜಮೀನು ಸ್ವಾಧೀನಕ್ಕೆ ಹೊರಟರೆ ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ಖಾಸಗಿಯವರು ಏಜೆಂಟರ ಮೂಲಕ ಹೊಲ ಹೊಲವಾಗಿ ಕೊಂಡುಕೊಳ್ಳುವಾಗ ಊರಿಗೆ ನೋಟಿಸೂ ಇಲ್ಲ, ಆಕ್ಷೇಪ ಹೇಳಲು ಜಾಗವೂ ಇಲ್ಲ.

ಇನ್ನು ಕಾಲುವೆಯ ವಿಷಯ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಪಳಿ. ಕೆರೆಗೆ ನೀರು ತರುವ ಹಳ್ಳ, ಕಾಲುವೆ, ಊರಿನ ಬಂಡಿದಾರಿ, ಸ್ಮಶಾನದ ದಾರಿ, ಇವೆಲ್ಲ ಕಂದಾಯ ದಾಖಲೆಯಲ್ಲಿ 'ಬಿ ಖರಾಬು'. 'ಎ ಖರಾಬು' ಬೇರೆ, ಅದು ಉಳುಮೆಗೆ ಬಾರದ್ದಾದರೂ ಹಿಡುವಳಿದಾರರದೇ. 'ಬಿ ಖರಾಬು' ಸಾರ್ವಜನಿಕರದು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು ಎ, ಬಿ ಎಂದು ಗುಂಟೆ ಲೆಕ್ಕದಲ್ಲಿ ಬರೆದಿರುತ್ತದೆ, ಆದರೆ ಅದು ಹೊಲದ ಯಾವ ಮೂಲೆಯಲ್ಲಿ ಹಾದಿದೆ ಎಂದು ಪಹಣಿ ಹೇಳುವುದಿಲ್ಲ. ಅದಕ್ಕೆ ಗ್ರಾಮ ನಕಾಶೆಯನ್ನೂ ಆ ಸರ್ವೆ ನಂಬರಿನ ಮೂಲ ಅಳತೆ ದಾಖಲೆಯಾದ ಟಿಪ್ಪಣಿಯನ್ನೂ ತೆಗೆದು ನೋಡಬೇಕು. ನಕಾಶೆಯಲ್ಲಿ ಒಂಟಿ ಚುಕ್ಕಿಸಾಲು ಕಾಲುದಾರಿ, ಜೋಡಿ ಚುಕ್ಕಿಸಾಲು ಬಂಡಿದಾರಿ. ಹಳ್ಳಕ್ಕೆ ಬೇರೆ ಗೆರೆ. ಆ ನಕಾಶೆಯನ್ನೂ ಲೇಔಟಿನ ಕರಪತ್ರದಲ್ಲಿರುವ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ, ಹಳ್ಳ ಹರಿಯುವ ಕಡೆ ಸೈಟಿನ ಸಂಖ್ಯೆ ಕೂತಿದೆಯೇ ಎಂದು ಯಾರು ಬೇಕಾದರೂ ಕಂಡುಕೊಳ್ಳಬಹುದು. ಮೊಬೈಲಿನಲ್ಲಿ ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಕಾಲುವೆಯ ಉದ್ದಕ್ಕೂ ನಡೆದರೆ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ. ಆ್ಯಪ್ ಕೆಲವು ಮೀಟರ್ ಅತ್ತಿತ್ತ ತೋರಿಸುವುದುಂಟು, ಆದ್ದರಿಂದ ಅದನ್ನೇ ಸಾಕ್ಷಿ ಎಂದು ಹಿಡಿಯಬಾರದು. ಸರ್ವೆಯರಿಂದ ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತು, ಮಾಡಿಸುವುದೇ ಸರಿ. ಸಾರ್ವಜನಿಕ ದಾರಿಯ ಹಕ್ಕನ್ನು ರದ್ದು ಮಾಡಬೇಕಿದ್ದರೆ ಭೂಕಂದಾಯ ಕಾಯ್ದೆಯ 68ನೇ ಕಲಂ ಪ್ರಕಾರ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಎಂಟಡಿ ಕಾಂಪೌಂಡು ಎಬ್ಬಿಸಿ ಗೇಟು ಹಾಕಿದ ಮಾತ್ರಕ್ಕೆ ಬಂಡಿದಾರಿ ಕಂಪನಿಯದಾಗುವುದಿಲ್ಲ.

'ಕಾಲುವೆ ಮುಚ್ಚಿಲ್ಲ, ಪೈಪು ಹಾಕಿ ಕೊಟ್ಟಿದ್ದೇವೆ' ಎಂಬ ಉತ್ತರ ಸಾಮಾನ್ಯ. ಆ ಪೈಪಿನ ಲೆಕ್ಕವನ್ನೂ ನೋಡೋಣ. ಗಂಟೆಗೆ 50 ಮಿ.ಮೀ. ಮಳೆ ನಮ್ಮಲ್ಲಿ ಆಶ್ವೀಜ, ಕಾರ್ತಿಕದ ಗುಡುಗು ಮಳೆಯಲ್ಲಿ ಹೊಸದೇನಲ್ಲ. 50 ಎಕರೆ ಉತ್ತ ಹೊಲದಲ್ಲಿ ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ ಹರಿದುಹೋದೀತು, ಉಳಿದದ್ದನ್ನು ಬದು, ಮಣ್ಣು ಹಿಡಿಯುತ್ತವೆ. ಅದೇ ಜಾಗ ರಸ್ತೆ, ತಾರಸಿ ಆದ ಮೇಲೆ ನೂರಕ್ಕೆ 70ರಷ್ಟು ಹರಿಯುತ್ತದೆ ಎಂದರೆ ಸೆಕೆಂಡಿಗೆ ಸುಮಾರು 2,000 ಲೀಟರ್. ಎರಡು ಅಡಿ ವ್ಯಾಸದ ಹ್ಯೂಮ್ ಪೈಪು ನೂರಕ್ಕೆ ಒಂದರ ಇಳಿಜಾರಿನಲ್ಲಿ ತುಂಬಿ ಹರಿದರೂ ಸಾಗಿಸುವುದು ಸೆಕೆಂಡಿಗೆ 600 ಲೀಟರ್ ಆಸುಪಾಸು. ಮಿಕ್ಕ 1,400 ಲೀಟರ್ ರಸ್ತೆ ಮೇಲೆ, ತಗ್ಗಿನ ಮನೆಗಳ ಒಳಕ್ಕೆ, ಕೆಳಗಿನ ಹೊಲಗಳ ಮೇಲೆ ನುಗ್ಗುತ್ತದೆ. ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ, ನಾಲ್ಕು ಕೊಂಬೆ ಸಿಕ್ಕಿದರೆ ಆ 600 ಕೂಡ ಇಲ್ಲ. ಈ ಲೆಕ್ಕ ಮೇಲಿನಿಂದ ಹರಿದು ಬರುವ ನೀರನ್ನು ಸೇರಿಸದೆ ಮಾಡಿದ್ದು. ತೆರೆದ ಕಾಲುವೆಯನ್ನು ಅದರ ಮೂಲ ಅಗಲದಲ್ಲೇ ಉಳಿಸಬೇಕು ಎಂದು ನಾವು ಹಟ ಹಿಡಿದಿರುವುದು ಇದೇ ಕಾರಣಕ್ಕೆ.

3,600 ಜನ ಬಳಸಿದ ನೀರಿನಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ, ದಿನಕ್ಕೆ 3.9 ಲಕ್ಷ ಲೀಟರ್. ಇದಕ್ಕೆ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ಕಟ್ಟುತ್ತೇವೆ ಎಂದು ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಬರೆದಿರುತ್ತಾರೆ. ಎಸ್‌ಟಿಪಿ ಎಂದರೆ ಬರಿ ತೊಟ್ಟಿಯಲ್ಲ. ಕಸ ತಡೆಯುವ ಜಾಲರಿ, ಹರಿವನ್ನು ಸಮ ಮಾಡುವ ತೊಟ್ಟಿ, ಬ್ಲೋವರಿನಿಂದ ಗಾಳಿ ಊದಿ ಸೂಕ್ಷ್ಮಾಣುಗಳನ್ನು ಬೆಳೆಸುವ ತೊಟ್ಟಿ, ಕೆಸರು ತಳಕ್ಕಿಳಿಯುವ ತೊಟ್ಟಿ, ಆಮೇಲೆ ಮರಳು ಮತ್ತು ಇದ್ದಿಲಿನ ಸೋಸುಕ, ಕ್ಲೋರಿನ್. ಇದರ ಜೀವ ಇರುವುದು ಬ್ಲೋವರಿನಲ್ಲಿ. ಕರೆಂಟು ಬಿಲ್ಲು ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸಿದರೆ ಗಾಳಿ ಸಿಗದೆ ಸೂಕ್ಷ್ಮಾಣುಗಳು ಸಾಯುತ್ತವೆ, ತೊಟ್ಟಿ ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮತ್ತೆ ಹದಕ್ಕೆ ಬರಲು ವಾರಗಳೇ ಬೇಕು. ಅಷ್ಟರಲ್ಲಿ ಕೊಳಚೆ ಬೈಪಾಸ್ ಪೈಪಿನಲ್ಲಿ ಕಾಲುವೆಗೆ ಇಳಿದು ಕೆರೆ ಸೇರಿರುತ್ತದೆ.

ಸೈಟು ಲೇಔಟುಗಳಲ್ಲಿ ಇನ್ನೊಂದು ತೊಡಕಿದೆ. ಬಹಳಷ್ಟು ಸೈಟುಗಳನ್ನು ಹಣ ಹೂಡಲು ಕೊಂಡಿರುತ್ತಾರೆ, ಹತ್ತು ವರ್ಷವಾದರೂ ಮನೆ ಏಳುವುದಿಲ್ಲ. 900 ಮನೆಗೆಂದು ಕಟ್ಟಿದ ಎಸ್‌ಟಿಪಿಗೆ 50 ಮನೆಯ ಕೊಳಚೆ ಬಂದರೆ ಸೂಕ್ಷ್ಮಾಣುಗಳಿಗೆ ಆಹಾರವೇ ಸಾಲದು, ಘಟಕ ಓಡುವುದಿಲ್ಲ. ಅಲ್ಪ ಹರಿವಿಗೆ ಒಳಚರಂಡಿ ಪೈಪಿನಲ್ಲಿ ಹೂಳು ಕೂರುತ್ತದೆ. ಆಗ ಮೊದಲು ಮನೆ ಕಟ್ಟಿದವರು ತಮ್ಮ ಸೈಟಿನಲ್ಲೇ ಇಪ್ಪತ್ತು ಅಡಿ ಇಂಗುಗುಂಡಿ ತೋಡಿಸುತ್ತಾರೆ. ಗುಂಡಿಯ ನೀರು ಮೇಲ್ಪದರದ ಮಣ್ಣಿನಲ್ಲಿ ಇಳಿದು ಬಂಡೆಯ ಬಿರುಕು ಸೇರುತ್ತದೆ. ಊರ ಬೋರಿನಲ್ಲಿ ನೈಟ್ರೇಟ್ ಏರುವುದು ಹೀಗೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ದಾಟಬಾರದು. ದಾಟಿದರೆ ಮುಖ್ಯವಾಗಿ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಅಪಾಯ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಇದು ತಾಯಂದಿರಿಗೆ ತಿಳಿದಿರಲೇಬೇಕಾದ ಮಾತು. ಬಡಾವಣೆ ಶುರುವಾಗುವ ಮೊದಲೇ ಊರಿನ ಪ್ರತಿ ಬೋರಿನ ನೀರನ್ನು ನೈಟ್ರೇಟ್, ಫ್ಲೋರೈಡ್, ಗಡಸುತನಕ್ಕೆ ಪರೀಕ್ಷೆ ಮಾಡಿಸಿ ವರದಿಯನ್ನು ಪಂಚಾಯಿತಿಯ ಕಡತದಲ್ಲಿ ಇಡಬೇಕೆಂದು ಕೇಳುತ್ತಿದ್ದೇವೆ. ಆ ಮೊದಲ ವರದಿ ಇಲ್ಲದಿದ್ದರೆ ನಾಳೆ ನೀರು ಕೆಟ್ಟಿದೆ ಎಂದರೂ 'ಮೊದಲಿಂದಲೂ ಹೀಗೇ ಇತ್ತು' ಎಂದು ಕೈತೊಳೆದುಕೊಳ್ಳುತ್ತಾರೆ.

ರಸ್ತೆ, ಕಸ, ಕರೆಂಟಿನ ಮಾತು ಉದ್ದ ಮಾಡುವುದಿಲ್ಲ. ಊರಿನ ರಸ್ತೆಯ ಡಾಂಬರು 3.75 ಮೀಟರ್ ಅಗಲ, ಎದುರು ಬದುರು ಬಂದ ಎರಡು ಟಿಪ್ಪರುಗಳಲ್ಲಿ ಒಂದು ಮಣ್ಣಿಗಿಳಿಯಲೇಬೇಕು. ತಲೆಗೆ ಅರ್ಧ ಕೆ.ಜಿ. ಎಂದರೂ ದಿನಕ್ಕೆ 1,800 ಕೆ.ಜಿ. ಕಸ. ಪಂಚಾಯಿತಿಯ ಬಳಿ ಇರುವುದು ಒಂದು ಕಸದ ಆಟೊ.

ರೇಷ್ಮೆಯ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ನಗರದವರಿಗೆ ಇದು ಹೊಳೆಯುವುದೇ ಇಲ್ಲ. ಟಿಪ್ಪರಿನ ದೂಳು ಕೂತ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಸೊಳ್ಳೆಗೆಂದು ಲೇಔಟುಗಳಲ್ಲಿ ಬಿಡುವ ಫಾಗಿಂಗ್ ಹೊಗೆ. ಅದರಲ್ಲಿರುವುದು ಕೀಟನಾಶಕ, ರೇಷ್ಮೆಹುಳುವೂ ಕೀಟವೇ. ಗಾಳಿ ಇತ್ತ ಬೀಸಿದ ಒಂದು ಸಂಜೆ ಸಾಕು, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ಮುಕ್ಕುತ್ತಿರುವ ಹುಳು ತಲೆ ಎತ್ತಿ, ಹಸಿರು ರಸ ಕಕ್ಕಿ, ಬೆಳಗಾಗುವಷ್ಟರಲ್ಲಿ ತಟ್ಟೆಯಲ್ಲೇ ಸತ್ತಿರುತ್ತದೆ. ಗೂಡು ಕಟ್ಟಲು ಇನ್ನು ವಾರವೂ ಇಲ್ಲ ಎನ್ನುವಾಗ ಇಡೀ ಬೆಳೆ ಹೋಗುತ್ತದೆ. ಹಿಪ್ಪುನೇರಳೆ ತೋಟ ಇರುವ ಕಡೆ ಬಡಾವಣೆಯ ಗಡಿಯಲ್ಲಿ ಫಾಗಿಂಗ್ ನಿಷೇಧಿಸಿ, ನಿಂತ ನೀರು ತೆಗೆಸುವ ಮೂಲಕವೇ ಸೊಳ್ಳೆ ಹಿಡಿತಕ್ಕೆ ತರಬೇಕೆಂಬ ಷರತ್ತು ಅನುಮತಿ ಪತ್ರದಲ್ಲೇ ಬರಬೇಕು.

ರೈತರು ತಮ್ಮ ಹೊಲ ತಾವು ಮಾರಿಕೊಂಡರೆ ನಿಮಗೇನು ಎಂದು ಕೇಳುವವರಿದ್ದಾರೆ. ಸಾಲ, ಮಗಳ ಮದುವೆ, ನೀರಿಲ್ಲದ ಬೋರು, ಮಾರುವವರ ಕಷ್ಟ ನಮಗೆ ಗೊತ್ತಿದೆ, ಅವರನ್ನು ದೂರುತ್ತಿಲ್ಲ. ಅವರು ಮಾರಿದ್ದು ತಮ್ಮ ಮಣ್ಣನ್ನು. ಊರಿನ ಕಾಲುವೆ, ದಾರಿ, ನೆಲದಡಿಯ ನೀರು ಆ ಕ್ರಯಪತ್ರದಲ್ಲಿ ಇಲ್ಲ. ಬಡಾವಣೆ ಬಂದರೆ ಕೆಲಸ ಸಿಗುತ್ತದೆ ಎಂಬ ಮಾತಿಗೂ ಉತ್ತರ ಹೇಳಬೇಕು. ಗಾರೆ ಕೆಲಸ, ಸೆಕ್ಯುರಿಟಿ ಕೆಲಸ, ಮನೆಗೆಲಸ ಸಿಗುತ್ತದೆ, ನಿಜ. ಅದರ ಜೊತೆಗೆ ಕುಡಿಯುವ ನೀರನ್ನು ಕೊಂಡು ತರುವ ಖರ್ಚೂ ಸೇರಿಕೊಳ್ಳುತ್ತದೆ.

ಬಡಾವಣೆ ಬರಲೇಬೇಕು ಎಂದರೆ ಭಾರ ಕಡಿಮೆ ಮಾಡುವ ದಾರಿಗಳು ಇಲ್ಲದಿಲ್ಲ. ತಲೆಗೆ 135 ಲೀಟರಿನಲ್ಲಿ 45 ಲೀಟರ್ ಶೌಚಾಲಯದ ಫ್ಲಶ್ಶಿಗೇ ಹೋಗುತ್ತದೆ. ಪ್ರತಿ ಮನೆಗೆ ಎರಡು ಪೈಪು ಎಳೆದು, ಸಂಸ್ಕರಿಸಿದ ನೀರನ್ನು ಅದಕ್ಕೆ ಕೊಟ್ಟರೆ ಮೂರನೇ ಒಂದು ಭಾಗ ಉಳಿಯುತ್ತದೆ. ಇದನ್ನು ಬಡಾವಣೆಯ ರಸ್ತೆ ಮಾಡುವಾಗಲೇ ಹೂಳಬೇಕು, ಆಮೇಲೆ ಅಗೆಯಲು ಯಾರೂ ಒಪ್ಪುವುದಿಲ್ಲ. 1,000 ಚದರ ಅಡಿಯ ತಾರಸಿಯಿಂದ ನಮ್ಮ ಮಳೆಗೆ ವರ್ಷಕ್ಕೆ ಸುಮಾರು 60,000 ಲೀಟರ್ ಹಿಡಿಯಬಹುದು. ನಾಲ್ಕು ಜನರ ಮನೆಗೆ ಅದು ಮೂರೂವರೆ ತಿಂಗಳ ನೀರು. ಮಳೆನೀರಿಗೆಂದು ಹತ್ತಡಿ ಇಂಗುಗುಂಡಿ ತೋಡಿ ಜಲ್ಲಿ ತುಂಬಿ ಫೋಟೊ ಹೊಡೆದುಕೊಂಡರೆ ಆಗದು. ಮೊದಲ ಎರಡು ಮಳೆಯ ಕೆಸರಿಗೇ ಅದು ಕಟ್ಟಿಕೊಳ್ಳುತ್ತದೆ. ಸೋಸುಕ ಇಟ್ಟು ಸಂಪಿಗೆ ತುಂಬಿಸಿ ನೇರ ಬಳಸುವುದೇ ಲಾಭ. ಆದರೆ ಇವೆಲ್ಲ ಸೇರಿದರೂ ಅತಿಬಳಕೆಯ ತಾಲ್ಲೂಕಿನಲ್ಲಿ 900 ಮನೆಗೆ ನೀರು ಹುಟ್ಟುವುದಿಲ್ಲ. ಹೊರಗಿನಿಂದ ಖಾತರಿ ನೀರು ಬರುವವರೆಗೆ ಮನೆಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕು.

ನಮ್ಮಂತೆಯೇ ಕಲ್ಲು ನೆಟ್ಟದ್ದನ್ನು ನೋಡುತ್ತಿರುವ ಬೇರೆ ಊರಿನವರಿಗೆ ಕೆಲವು ಮಾತು. ಸುದ್ದಿ ತಿಳಿದ ದಿನವೇ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಆ ಸರ್ವೆ ನಂಬರುಗಳ ಪಹಣಿ, ಮ್ಯುಟೇಷನ್ ನೋಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆ ನೋಂದಣಿಯಾಗಿದೆಯೇ ಹುಡುಕಿ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆ ನೋಂದಣಿಯಾಗದೆ ಮಾರಾಟದ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಣಿಯಾಗಿದ್ದರೆ ಅನುಮೋದಿತ ನಕ್ಷೆ ಅಲ್ಲೇ ಸಿಗುತ್ತದೆ. ಹಸಿರು ವಲಯವನ್ನು ವಸತಿ ವಲಯ ಮಾಡಲು ಹೊರಟಿದ್ದರೆ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಒಳಪುಟದ ಸಣ್ಣ ಅಕ್ಷರದಲ್ಲಿ, ಬರಿ ಸರ್ವೆ ನಂಬರುಗಳ ರೂಪದಲ್ಲಿ ಬರುತ್ತದೆ. ಗ್ರಂಥಾಲಯಕ್ಕೆ ಬರುವ ಪತ್ರಿಕೆಗಳನ್ನು ಯಾರಾದರೊಬ್ಬರು ದಿನವೂ ನೋಡುತ್ತಿರಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. 'ಯೋಜನೆಯ ಎಲ್ಲ ದಾಖಲೆ ಕೊಡಿ' ಎಂದು ಕೇಳಬೇಡಿ, ಅಸ್ಪಷ್ಟ ಎಂದು ತಿರಸ್ಕರಿಸುತ್ತಾರೆ. ಭೂಪರಿವರ್ತನೆ ಆದೇಶ, ಅದರ ಷರತ್ತುಗಳು, ನೀರಿನ ಮೂಲದ ಬಗ್ಗೆ ಸಲ್ಲಿಸಿದ ಪತ್ರ, ಬೋರಿನ ಅನುಮತಿ, ಖರಾಬಿನ ಸರ್ವೆ ಸ್ಕೆಚ್ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಆಕ್ಷೇಪಣೆಯನ್ನು ನೂರು ಜನ ಸಹಿ ಹಾಕಿದ ಒಂದೇ ಪತ್ರವಾಗಿ ಕೊಡುವುದಕ್ಕಿಂತ, ಬೋರು ಇರುವವರು ತಮ್ಮ ಬೋರಿನ ಆಳ ಮತ್ತು ದೂರ ಬರೆದು, ದಾರಿ ಬಳಸುವವರು ದಾರಿಯ ಗುರುತು ಹೇಳಿ ಬೇರೆ ಬೇರೆ ಕೊಟ್ಟರೆ ತೂಕ ಹೆಚ್ಚು. ಪ್ರತಿಯೊಂದಕ್ಕೂ ಕಚೇರಿಯ ಮೊಹರು ಬಿದ್ದ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ನಮ್ಮ ಮುಂದಿನ ಗ್ರಾಮಸಭೆಗೆ ಬಡಾವಣೆಯ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ ಎಂದು ಪಿಡಿಒ ಅವರಿಗೆ ಬರೆದು ಕೊಟ್ಟಿದ್ದೇವೆ. ಯೋಜನಾ ಪ್ರಾಧಿಕಾರದವರು, ತಾಲ್ಲೂಕು ಸರ್ವೆಯರು, ಅಂತರ್ಜಲ ಇಲಾಖೆಯವರು ಅಂದು ಊರಿಗೆ ಬರಲಿ. ಮೊದಲು ಕೆರೆಯ ಕೋಡಿಯಿಂದ ಹಳ್ಳದ ಉದ್ದಕ್ಕೂ ನಮ್ಮ ಜೊತೆ ನಡೆಯಲಿ, ಆಮೇಲೆ ಅರಳಿಕಟ್ಟೆಯ ಮೇಲೆ ಗ್ರಾಮ ನಕಾಶೆಯನ್ನೂ ಲೇಔಟ್ ನಕ್ಷೆಯನ್ನೂ ಅಕ್ಕಪಕ್ಕ ಹರಡಿ, ದಿನಕ್ಕೆ 4,86,000 ಲೀಟರ್ ಎಲ್ಲಿಂದ ಎಂದು ಜನರ ಮುಂದೆ ಹೇಳಲಿ. ಅವರು ಹೇಳಿದ್ದು ನಡವಳಿ ಪುಸ್ತಕದಲ್ಲಿ ಬರೆಯಲ್ಪಡಲಿ. ಅಲ್ಲಿಯವರೆಗೆ ಈ ಸರ್ವೆ ನಂಬರುಗಳಲ್ಲಿ ಒಂದು ಸೈಟಿಗೂ ಇ–ಖಾತೆ ಮಾಡಬಾರದು, ಕಾಲುವೆಯ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಬಾರದು ಎಂದು ಜಿಲ್ಲಾಧಿಕಾರಿಗಳನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇವೆ.

– ಗ್ರಾಮಸ್ಥರ ಪರವಾಗಿ ಒಬ್ಬ ನಿವಾಸಿ,
ಹೊಸಕೋಟೆ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ